ತುಟಿ ಬರೆದ ಮಧ್ಯಾಹ್ನಗಳು

ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಅಗಸೆ ಚಟ್ನಿಪುಡಿಯ ಡಬ್ಬಿ ತೆರೆದರೆ ಸುತ್ತ ಕೂತವರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಮುಖ ಎಲ್ಲಿ ಬಚ್ಚಿಡಲಿ ಅನ್ನಿಸುತ್ತದೆ. ಮೊನ್ನೆಯೂ ಹಾಗೇ ಆಯಿತು. ಮಹದೇವಪುರದ ಈ ಗಾಜಿನ ಕಟ್ಟಡಕ್ಕೆ ಹೊಸದಾಗಿ ಸೇರಿದ ಗದಗಿನ ಕಡೆಯ ಹುಡುಗಿಯೊಬ್ಬಳು ರೊಟ್ಟಿಯ ಮೇಲೆ ಪುಡಿ ಹಾಕಿ, ಎಣ್ಣೆ ಬಿಟ್ಟು, ತಿನ್ನಿ ಮೇಡಂ ಎಂದು ಅಕ್ಕರೆಯಿಂದ ನನ್ನ ಮುಂದೆ ಹಿಡಿದಳು. ಹುರಿದ ಅಗಸೆಯ ಆ ಒಣ, ತುಸು ಕಹಿ, ತುಸು ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸಿಂಗಸಂದ್ರದ ನಮ್ಮ ಮನೆಯ ಮಹಡಿಯಲ್ಲಿ, ಒಂಬತ್ತನೇ ಕ್ಲಾಸಿನ ಲಂಗ ತೊಟ್ಟು, ಕನ್ನಡಿಯ ಮುಂದೆ ನಿಂತಿದ್ದೆ. ಅಗಸೆಯನ್ನು ಹುರಿದು ಕುಟ್ಟಿದರೆ ಚಟ್ನಿಪುಡಿ, ಗಾಣಕ್ಕೆ ಹಾಕಿದರೆ ತೈಲಚಿತ್ರದ ಬಣ್ಣಕ್ಕೆ ಬೆರೆಸುವ ಎಣ್ಣೆ. ಆ ಮಹಡಿಯಲ್ಲಿ ಎರಡರ ವಾಸನೆಯೂ ಒಂದೇ ಕೋಣೆಯಲ್ಲಿರುತ್ತಿತ್ತು. ಹಸಿವಿಲ್ಲ ಕಣಮ್ಮ ಎಂದು ಆ ಹುಡುಗಿಗೆ ಸುಳ್ಳು ಹೇಳಿ ಎದ್ದುಬಂದೆ. ಪಾಪ, ಅವಳಿಗೆ ಬೇಜಾರಾಯಿತು.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಗಂಡುಹುಡುಗರ ಪಿ.ಜಿ. ಬಂದಿದೆ. ಬಾಲ್ಕನಿಗಳ ತುಂಬ ಜೀನ್ಸ್ ಪ್ಯಾಂಟುಗಳು ಒಣಗುತ್ತಿರುತ್ತವೆ. ನಮ್ಮ ಕಾಲದಲ್ಲಿ ಅಲ್ಲಿ ಮುಂದೆ ಜಗುಲಿ, ನಡುವೆ ಹಗಲಲ್ಲೂ ಮಬ್ಬಾದ ನಡುಮನೆ, ಹಿಂದೆ ಹೊಗೆ ಹಿಡಿದ ಬಚ್ಚಲು, ಅದರ ಹಂಡೆ, ಹಂಡೆಯ ಪಕ್ಕ ತೆಂಗಿನ ಗರಿಯ ರಾಶಿ ಇದ್ದವು. ಹೊಸೂರು ರಸ್ತೆಯ ಮೇಲೆ ಆಗಷ್ಟೇ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದವು. ದೂಳು ಬಂದು ಉಪ್ಪಿನಕಾಯಿ ಜಾಡಿಯ ಮೇಲೂ ಕೂರುತ್ತಿತ್ತು, ಲಾರಿ ಹೋದಾಗೆಲ್ಲ ಅಡುಗೆಮನೆಯ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ಅಜ್ಜಿ, ಅಂದರೆ ಅಪ್ಪನ ತಾಯಿ, ಜಗುಲಿಯ ಮೇಲೆ ಕೂತು ಬೀದಿಗೆಲ್ಲ ತೀರ್ಪು ಹೇಳುತ್ತಿದ್ದಳು. ಅಪ್ಪ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದ, ಮನೆಯೊಳಗಿನ ಮಾತು ಅವನಿಗೆ ಬೇಕಿರಲಿಲ್ಲ. ರಾಗಿ ಹೊಲದ ಒಂದು ಪಟ್ಟಿ ಮಾರಿ ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದೇ ಅವನ ದೊಡ್ಡ ಸಾಹಸ. ಇನ್ನು ಅಮ್ಮ. ಅಮ್ಮ ಎಲ್ಲಿದ್ದಳು ಎಂದು ನೆನೆಸಿಕೊಂಡರೆ ಅಡುಗೆಮನೆಯ ಬಾಗಿಲಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಂತೆಯೇ ಕಾಣುತ್ತಾಳೆ.

ನಾನು ಹುಟ್ಟಿದ್ದು ಸೀಳುತುಟಿಯೊಂದಿಗೆ. ಮೇಲ್ದುಟಿ ಎಡಗಡೆ ಸೀಳಿ ಮೂಗಿನವರೆಗೂ ಹೋಗಿತ್ತಂತೆ. ಕೂಸಾಗಿದ್ದಾಗಲೇ ಆಪರೇಷನ್ ಮಾಡಿಸಿ ಹೊಲಿಸಿದ್ದರು. ಉಳಿದದ್ದು ಒಂದು ಗೆರೆ, ತುಸು ಮೇಲಕ್ಕೆ ಜಗ್ಗಿದ ತುಟಿ, ಒಂದು ಪಕ್ಕ ಚಪ್ಪಟೆಯಾದ ಮೂಗಿನ ಹೊಳ್ಳೆ. ಇದಕ್ಕೆ ಕಾರಣ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಬಸುರಿಯಾಗಿದ್ದಾಗ ಗ್ರಹಣ ಹಿಡಿದ ಹೊತ್ತಿನಲ್ಲಿ ಅಮ್ಮ ಸೌತೆಕಾಯಿ ಹೆಚ್ಚಿದ್ದಳು. ಗ್ರಹಣದಲ್ಲಿ ಬಸುರಿ ಏನನ್ನು ಹೆಚ್ಚಿದರೂ ಅದು ಹೊಟ್ಟೆಯಲ್ಲಿರುವ ಕೂಸಿಗೇ ತಾಗುತ್ತದೆ ಎಂಬುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿದ್ದ ಮಾತು. ಹಾಗಾಗಿ ಪಂಚಾಂಗದಲ್ಲಿ ಗ್ರಹಣ ಕಂಡಿತೆಂದರೆ ಅಜ್ಜಿ ಆಸುಪಾಸಿನ ಬಸುರಿಯರನ್ನು ಕರೆಸುತ್ತಿದ್ದಳು. ಪುಸ್ತಕ ಹಿಡಿದು ಕೂತ ನನ್ನನ್ನು ಎಬ್ಬಿಸಿ, ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಹೇಳುತ್ತಿದ್ದಳು: “ನೋಡ್ಕಳವ್ವ. ಇದಕ್ಕೇಯ ನಾವು ಯೋಳಾದು. ಗ್ರಾಣದೊತ್ನಾಗೆ ಕೈಕಾಲು ಮುದುರ್ಕಂಡು ಬಿದ್ದಿರ್ಬೇಕು. ಇವ್ರಮ್ಮ ಕೇಳ್ನಿಲ್ಲ.” ಆ ಬಸುರಿಯರು ನನ್ನ ಬಾಯನ್ನು ನೋಡಿ, ಆಮೇಲೆ ಬಾಗಿಲಲ್ಲಿ ನಿಂತ ಅಮ್ಮನನ್ನು ನೋಡುತ್ತಿದ್ದರು. ಅಮ್ಮ ಹೌದೆಂದು ತಲೆಯಾಡಿಸುತ್ತಿದ್ದಳು. ಆಮೇಲೆ ಅವರಿಗೆಲ್ಲ ಕಾಫಿ ತರುತ್ತಿದ್ದವಳೂ ಅವಳೇ. ನನಗೆ ಆಗ ಆಗುತ್ತಿದ್ದ ನಾಚಿಕೆಯನ್ನು ಹೇಗೆ ಹೇಳಲಿ? ಕಿವಿಯ ತುದಿ ಸುಡುತ್ತಿತ್ತು, ನೆಲ ನೋಡುತ್ತ ನಿಲ್ಲುತ್ತಿದ್ದೆ, ಅಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಒಂದು ಸೌತೆಕಾಯಿಗೆ ಎರಡು ಗಂಟೆ ಕಾಯಲಾಗದಷ್ಟು ಬಾಯಿಚಪಲವೇ ಇವಳಿಗೆ ಅಂತ.

ಅದೇ ಅಮ್ಮ ದಿನಾ ಸ್ನಾನಕ್ಕೆ ಮುಂಚೆ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಹೆಬ್ಬೆರಳಿನಿಂದ ಆ ಗೆರೆಯನ್ನು ತಿಕ್ಕುತ್ತಿದ್ದಳು. ತಿಕ್ಕಿದರೆ ಗಾಯದ ಗಂಟು ಮೆತ್ತಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಮೂಗಿನಿಂದ ಕೆಳಕ್ಕೆ, ತುಟಿಯ ಅಂಚಿನವರೆಗೆ. ಕೊಬ್ಬರಿ ಎಣ್ಣೆಯ ಜೊತೆ ಅವಳ ಬೆರಳಿನ ಬೆಳ್ಳುಳ್ಳಿಯ ವಾಸನೆಯೂ ಬರುತ್ತಿತ್ತು. ನಾನು ದೊಡ್ಡವಳಾದ ಮೇಲೆ ಬೇಡ ಅಂದೆ. ಆಮೇಲೂ ಜಡೆ ಹಾಕುವಾಗ ಮಾತಿನ ನಡುವೆ ಅವಳ ಹೆಬ್ಬೆರಳು ಅಲ್ಲಿಗೇ ಬರುತ್ತಿತ್ತು, ನಾನು ಮುಖ ಕೊಡವಿಕೊಳ್ಳುತ್ತಿದ್ದೆ. ಮಾತಾಡುವಾಗ ಎಡಗೈ ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತುಬಿಟ್ಟಿದ್ದೆ. ಸ್ಕೂಲಿನ ಗ್ರೂಪ್ ಫೋಟೋಗಳಲ್ಲೆಲ್ಲ ಕೆಮ್ಮು ಬಂದವಳ ಹಾಗೆ ನಿಂತಿದ್ದೇನೆ. ಮನೆಯಲ್ಲಿದ್ದ ಕನ್ನಡಿಯಾದರೂ ಎಂಥದ್ದು, ಅಪ್ಪ ಗಡ್ಡ ಹೆರೆದುಕೊಳ್ಳುವ ಅಂಗೈಯಗಲದ್ದು. ಅದೂ ನನಗೆ ಬೇಕಿರಲಿಲ್ಲ.

ಮಹಡಿಗೆ ಶಿವಲೀಲಾ ಆಂಟಿ ಬಾಡಿಗೆಗೆ ಬಂದದ್ದು ಆ ದಿನಗಳಲ್ಲೇ. ಗದಗಿನ ಹತ್ತಿರದವರು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಗಂಡ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಎಂಜಿನಿಯರ್. ಆಂಟಿ ಮದುವೆಗೆ ಮುಂಚೆ ಚಿತ್ರಕಲಾ ಶಾಲೆಯಲ್ಲಿ ಓದಿದವರು. ಗಂಡ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಪಕ್ಕ ಆಳುದ್ದದ ಕನ್ನಡಿಯೊಂದನ್ನು ಕುರ್ಚಿಗೆ ಒರಗಿಸಿ ತಮ್ಮ ಮುಖವನ್ನೇ ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದರು. ಈ ಊರಲ್ಲಿ ಕರೆದರೆ ಬಂದು ಸುಮ್ಮನೆ ಕೂರುವವರು ಯಾರಿದ್ದಾರೆ, ನನ್ನ ಮುಖವಾದರೆ ಯಾವಾಗಲೂ ಪುರಸೊತ್ತಾಗಿರುತ್ತದೆ ಎಂದು ನಗುತ್ತಿದ್ದರು. ಮಜ್ಜಿಗೆ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಲಗೆಯ ಮೇಲೆ ಅವರ ಕೆನ್ನೆ ಹಸಿರಾಗಿ, ಹಣೆ ನೇರಳೆಯಾಗಿ, ಹತ್ತಿರ ಹೋದರೆ ಬರೀ ಬಣ್ಣದ ಗೀಟುಗಳು, ಎರಡು ಹೆಜ್ಜೆ ಹಿಂದೆ ಬಂದರೆ ಉಸಿರಾಡುವ ಹೆಂಗಸು. ಒಲೆಯ ಮೇಲೆ ಅಗಸೆ ಹುರಿಯುತ್ತಿತ್ತು. ಬಾ ತಂಗಿ, ನೀನೂ ಕಲಿ ಎಂದರು. ನನ್ನ ಬಾಯಿಯ ಸುದ್ದಿ ಎತ್ತಲಿಲ್ಲ, ಎತ್ತದೆ ಇರಲು ಕಷ್ಟಪಡುತ್ತಿರುವವರ ಹಾಗೂ ಕಾಣಲಿಲ್ಲ. ಅಷ್ಟಕ್ಕೇ ನಾನು ಅವರ ಹಿಂದೆ ಬಿದ್ದೆ.

ಭಾನುವಾರದ ಮಧ್ಯಾಹ್ನಗಳಲ್ಲಿ ಪಾಠ. ನಿಂತ ಜಾಗ ತಪ್ಪಬಾರದೆಂದು ನನ್ನ ಪಾದಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಮೊದಲು ಹಲಗೆಗೆಲ್ಲ ಟರ್ಪೆಂಟೈನಿನಲ್ಲಿ ಕರಗಿಸಿದ ಕೆಮ್ಮಣ್ಣಿನ ಬಣ್ಣ ಬಳಿಯಬೇಕು. ಆಮೇಲೆ ಕಣ್ಣು ಕಿರಿದು ಮಾಡಿ ಮುಖವನ್ನು ನೋಡಬೇಕು, ಆಗ ಕಣ್ಣು ಮೂಗು ಎಲ್ಲ ಮಾಯವಾಗಿ ಬೆಳಕಿನ ತುಂಡು, ನೆರಳಿನ ತುಂಡು ಮಾತ್ರ ಉಳಿಯುತ್ತವೆ. ಮೊದಲು ನೆರಳು, ಬೆಳಕು ಕೊನೆಗೆ. ಮೊದಲು ತೆಳು, ಎಣ್ಣೆ ಜಾಸ್ತಿಯಾದದ್ದು ಮೇಲಿನ ಪದರಕ್ಕೆ. “ಗೊತ್ತಿದ್ದದ್ದು ತಗೀಬ್ಯಾಡ ತಂಗಿ, ಕಂಡದ್ದು ತಗಿ” ಎಂದು ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ನನ್ನ ಮೊದಲ ಚಿತ್ರದಲ್ಲಿ ನಾನೊಂದು ಉಪಾಯ ಮಾಡಿದೆ. ಬಲಗೈಯಲ್ಲಿ ಬ್ರಷ್ಷು, ಎಡಗೈ ಎಂದಿನಂತೆ ಬಾಯಿಯ ಮೇಲೆ. ಕಂಡದ್ದನ್ನೇ ಬರೆಯಬೇಕಲ್ಲ, ಕಂಡದ್ದು ಕೈ, ಕೈಯನ್ನೇ ಬರೆದೆ. ಬೆರಳ ಗೆಣ್ಣುಗಳು, ಉಗುರಿನ ಹೊಳಪು, ಎಲ್ಲ ಶ್ರದ್ಧೆಯಿಂದ. ಆಂಟಿ ಬಹಳ ಹೊತ್ತು ನೋಡಿದರು. “ಕೈ ಚಲೋ ಬಂದೈತಿ. ಕೈ ಹಿಂದ ಯಾರ ಅದಾರ?” ಎಂದು ಕೇಳಿ ರೊಟ್ಟಿ ತಟ್ಟಲು ಒಳಗೆ ಹೋದರು. ನನಗೆ ಅಳು ಬಂತು. ಮುಂದಿನ ವಾರ ಮಹಡಿ ಹತ್ತಲಿಲ್ಲ.

ಆದರೆ ಆ ವಾಸನೆ ಕೆಳಗಿಳಿದು ನಮ್ಮ ನಡುಮನೆಗೂ ಬರುತ್ತಿತ್ತಲ್ಲ, ಇರಲಾಗಲಿಲ್ಲ. ಮತ್ತೆ ಹೋದೆ, ಕೈ ಇಳಿಸಿ ನಿಂತೆ. ಎಲ್ಲ ಬರೆದು ಬಾಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಎರಡು ಭಾನುವಾರ ಅಲ್ಲಿ ಕೆಮ್ಮಣ್ಣಿನ ಬಯಲೇ ಇತ್ತು. ಕೊನೆಗೆ ನೋಡಿದೆ. ಹುಟ್ಟಿದಾಗಿನಿಂದ ಬೀದಿಯೆಲ್ಲ ನೋಡಿದ್ದನ್ನು ನಾನು ಮೊದಲ ಸಲ ಕಣ್ಣಿಟ್ಟು ನೋಡಿದ್ದು ಅವತ್ತು. ಗೆರೆ ನಾನಂದುಕೊಂಡಷ್ಟು ಬೆಳ್ಳಗಿರಲಿಲ್ಲ, ತಿಳಿ ಗುಲಾಬಿಯಿತ್ತು. ಅದರ ಒಂದು ಅಂಚಿಗೆ ಬೆಳಕು ಬಿದ್ದು ಇನ್ನೊಂದು ಅಂಚು ತುಸು ನೀಲಿಯಾಗಿತ್ತು. ಜಗ್ಗಿದ ತುಟಿಯ ಕೆಳಗೆ ಹಲ್ಲಿನ ಚೂರೊಂದು ಕಾಣುತ್ತಿತ್ತು. ಬರೆಯುತ್ತ ಬರೆಯುತ್ತ ನಾಚಿಕೆ ಮರೆತುಹೋಯಿತು, ಬಣ್ಣ ಸರಿಯಾಗಿ ಸೇರುತ್ತಿಲ್ಲವಲ್ಲ ಎಂಬ ಚಿಂತೆ ಮಾತ್ರ ಉಳಿಯಿತು. ಅಂಥ ಸುಖ ನನಗೆ ಆಮೇಲೆ ಬದುಕಿನಲ್ಲಿ ಸಿಕ್ಕಿದ್ದು ಕಡಿಮೆ. ಮುಗಿದಾಗ ಆಂಟಿ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಆಂಟಿಯ ಮನೆಗೆ ಊರಿನಿಂದ ನೆಂಟರು ಬರುವವರಿದ್ದರಿಂದ ಹಸಿ ಚಿತ್ರವನ್ನು ನಾನು ಕೆಳಗೆ ತಂದು ನಡುಮನೆಯ ಅಕ್ಕಿ ಡ್ರಮ್ಮಿನ ಮೇಲೆ ಗೋಡೆಗೆ ಒರಗಿಸಿಟ್ಟೆ. ಯಾರೂ ಮುಟ್ಟಬೇಡಿ ಎಂದು ಹೇಳಿ ಸೋಮವಾರ ಸ್ಕೂಲಿಗೆ ಹೋದೆ. ಅಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ಹೋದ. ಅಜ್ಜಿಗೆ ಮಾತ್ರ ಅದು ಬಹಳ ಹಿಡಿಸಿತು. ಆ ವಾರವೇ ಗ್ರಹಣವಿತ್ತು ನೋಡಿ. ಎದುರು ಮನೆಯ ಬಸುರಿ ಸೊಸೆಯನ್ನು ಕರೆದಳು. ತೋರಿಸಲು ನಾನಿಲ್ಲ. ಇಲ್ಲದಿದ್ದರೇನು, ಚಿತ್ರವಿದೆಯಲ್ಲ! ಚಿತ್ರದ ಮುಂದೆಯೇ ಅವಳನ್ನು ನಿಲ್ಲಿಸಿ ಅಜ್ಜಿ ಪಾಠ ಹೇಳಿದಳಂತೆ. ಕನ್ನಡಿ ನೋಡಿ ಬರೆದದ್ದರಿಂದ ಗಾಯ ಚಿತ್ರದಲ್ಲಿ ಇನ್ನೊಂದು ಪಕ್ಕಕ್ಕೆ ಬಂದಿತ್ತು. ಅದನ್ನೂ ಬಿಡದೆ, ಇಲ್ಲಿ ಈ ಕಡೀಕೈತೆ, ಅಸಲಿಗೆ ಆ ಕಡೀಕೆ ಎಂದು ತಿದ್ದಿ ಹೇಳಿದಳಂತೆ. ಆ ಹುಡುಗಿ ಹೋಗಿ ತನ್ನ ಅತ್ತೆಯನ್ನೂ ಕರೆತಂದಳು. ಅತ್ತೆ ಮತ್ತಿಬ್ಬರನ್ನು. ನಾನು ಸಂಜೆ ಬಂದಾಗ ಜಗುಲಿಯ ಮೇಲೆ ಕಾಫಿ ಲೋಟಗಳು ಸಾಲಾಗಿದ್ದವು.

ಒಳಗೆ ಹೋಗಿ ನೋಡಿದರೆ ಚಿತ್ರದಲ್ಲಿ ನನ್ನ ಬಾಯಿ ಇರಲಿಲ್ಲ. ಮೂಗಿನಿಂದ ತುಟಿಯ ಅಂಚಿನವರೆಗೆ ಯಾರೋ ಹೆಬ್ಬೆರಳಿನಿಂದ ತೀಡಿದ್ದರು. ಗೆರೆ, ಗುಲಾಬಿ, ನೀಲಿ, ಹಲ್ಲಿನ ಚೂರು ಎಲ್ಲ ಕಲಸಿ ಕಂದು ಮಣ್ಣಾಗಿತ್ತು. ಬಚ್ಚಲಿನಲ್ಲಿ ಅಮ್ಮ ಪಾತ್ರೆ ತಿಕ್ಕುವ ನಾರು ಹಿಡಿದು ಬೆರಳು ಉಜ್ಜಿಕೊಳ್ಳುತ್ತಿದ್ದಳು. ಎಣ್ಣೆಬಣ್ಣ ಸೋಪಿಗೆ ಬಿಡುತ್ತದೆಯೇ? ಉಗುರಿನ ಸಂದಿಯಲ್ಲೆಲ್ಲ ನನ್ನ ತುಟಿಯ ಬಣ್ಣವೇ. ಯಾಕಮ್ಮ ಎಂದು ಕೇಳಿದೆ. ಅವಳು ನಾರಿಗೆ ಇನ್ನಷ್ಟು ಸೋಪು ಹಚ್ಚಿದಳು. ಜಗುಲಿಯಿಂದ ಅಜ್ಜಿ ಅಂದದ್ದು ಮಾತ್ರ ಒಳಗೆಲ್ಲ ಕೇಳಿಸಿತು: “ಕೆಡಿಸ್ದೋಳೂ ಅವ್ಳೇ, ಒರ್ಸ್ದೋಳೂ ಅವ್ಳೇ.” ಅಜ್ಜಿಯ ಮಾತು ಸರಿ ಅಂತ ನನಗೆ ಅನ್ನಿಸಿತು. ಈ ಜನ್ಮದಲ್ಲಿ ಮೊದಲ ಸಲ ಅಜ್ಜಿಯ ಪಕ್ಕ ಹೋಗಿ ಕೂತೆ, ಅಮ್ಮ ತಂದ ಕಾಫಿ ಮುಟ್ಟಲಿಲ್ಲ.

ವಿಷಯ ತಿಳಿದು ಶಿವಲೀಲಾ ಆಂಟಿ ಸಿಟ್ಟಾಗಲಿಲ್ಲ. ಹಸಿಯಿದ್ದಾಗಲೇ ಹೆರೆದು ತೆಗೆದು ಮತ್ತೆ ಬರೆಯಬಹುದು, ಎಣ್ಣೆಬಣ್ಣದ ದೊಡ್ಡ ಗುಣವೇ ಅದು ಎಂದರು. ಮಾರನೆಯ ದಿನ ನಾನು ಸ್ಕೂಲಿಗೆ ಹೋಗಲಿಲ್ಲ. ಮಧ್ಯಾಹ್ನ ಆಂಟಿ ನೆಂಟರನ್ನು ಊರು ನೋಡಲು ಕಳಿಸಿ, ಅಮ್ಮನನ್ನೂ ಮಹಡಿಗೆ ಕರೆಸಿದರು. ಅಮ್ಮ ಬಂದಳು. ಕೈ ಖಾಲಿ ಬಿಟ್ಟು ಕೂರುವುದು ಅವಳಿಗೆ ಗೊತ್ತಿರಲಿಲ್ಲ, ದಂಟಿನ ಸೊಪ್ಪಿನ ಮೊರವನ್ನೂ ತಂದಿದ್ದಳು. ನನ್ನ ಹಿಂದೆ ಚಾಪೆಯ ಮೇಲೆ ಕೂತು ಸೊಪ್ಪು ಬಿಡಿಸತೊಡಗಿದಳು. ನಾನು ಅವಳನ್ನು ಮಾತಾಡಿಸದೆ ಚಪ್ಪಟೆ ಚಾಕುವಿನಿಂದ ಆ ಮಣ್ಣುಬಣ್ಣ ಹೆರೆದು ಮತ್ತೆ ತುಟಿ ಶುರು ಮಾಡಿದೆ. ಕನ್ನಡಿಯಲ್ಲಿ ನನ್ನ ಭುಜದ ಹಿಂದೆ ಅವಳೂ ಕಾಣುತ್ತಿದ್ದಳು. ಆಂಟಿ ಒಂದು ಹಿಡಿ ಸೊಪ್ಪು ತಮ್ಮ ಮುಂದೆ ಎಳೆದುಕೊಂಡು, ಹವಾಮಾನ ಕೇಳುವವರ ಹಾಗೆ, ಅವತ್ತ ಗ್ರಹಣದಾಗ ಏನ್ ಹೆಚ್ಚಿದ್ರಿ ಅಕ್ಕಾರ ಎಂದು ಕೇಳಿದರು. ಎಳೆ ಸೊಪ್ಪಿನ ಕಾಂಡ ಪಟಪಟ ಮುರಿಯುವ ಸದ್ದು ನಿಂತಿತು.

“ಏನೂ ಹೆಚ್ಚಿಲ್ಲ” ಅಂದಳು ಅಮ್ಮ. “ಕತ್ಲೆ ಕೋಣೇಲಿ ಕಂಬಳಿ ಹೊದ್ಕೊಂಡು ಮಲಗಿದ್ದೆ. ಚಾಕು ಎಲ್ಲಿಂದ ಬರ್ಬೇಕು?”

ಆಮೇಲೆ ತಲೆ ಎತ್ತದೆ, ಸೊಪ್ಪಿಗೇ ಹೇಳುವವಳ ಹಾಗೆ ಹೇಳಿದಳು. ನಾನು ಹುಟ್ಟಿದ ಮಾರನೆಯ ದಿನ ಅಜ್ಜಿಯೂ, ಅಪ್ಪನ ಅಕ್ಕ ದೊಡ್ಡತ್ತೆಯೂ ಹಾಸಿಗೆಯ ಎರಡು ಪಕ್ಕ ಕೂತು ವಿಚಾರಣೆ ಮಾಡಿದರಂತೆ. ಗ್ರಹಣದಲ್ಲಿ ಏನು ಮಾಡಿದೆ? ಏನೂ ಮಾಡಿಲ್ಲ. ಹಾಗಾದರೆ ನಿನ್ನ ತವರಲ್ಲಿ ಯಾರಿಗಿದೆ ಇದು? ನಿಮ್ಮ ವಂಶದಲ್ಲೇ ದೋಷವಿರಬೇಕು, ರಕ್ತದಲ್ಲಿ ಬಂದಿರಬೇಕು. ರಕ್ತದ್ದೆಂದ ಮೇಲೆ ನಾಳೆ ಈ ಕೂಸನ್ನು ಯಾರು ಮಾಡಿಕೊಳ್ಳುತ್ತಾರೆ, ಇದರ ಹೊಟ್ಟೆಯಲ್ಲೂ ಇಂಥದ್ದೇ ಹುಟ್ಟಿದರೆ ಎಂದು ಅವಳ ಎದುರಿಗೇ ಮಾತಾಡಿಕೊಂಡರಂತೆ. ಪಕ್ಕದಲ್ಲಿ ನಾನು ಮಲಗಿದ್ದೆ, ಒಂದು ದಿನದವಳು.

“ಅದಕ್ಕೆ ಸೌತೆಕಾಯಿ ಹೆಚ್ಚಿದೆ ಅಂದ್ಬಿಟ್ಟೆ. ತಪ್ಪು ನಂದು ಅಂದ್ರೆ ನನ್ನತ್ರಾನೇ ಮುಗ್ದೋಗತ್ತೆ. ರಕ್ತದ್ದು ಅಂದ್ರೆ ಇವಳಿಗೆ ಅಂಟ್ಕೊಳತ್ತೆ.”

ನಾನು ತಿರುಗಲಿಲ್ಲ. ತಿರುಗಿದ್ದರೆ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಕನ್ನಡಿಯಲ್ಲೇ ನೋಡಿದೆ. ಚಿತ್ರ ಅಳಿಸಿದ್ದಕ್ಕೂ ಕಾರಣ ಹೇಳಿದಳು, ಆಂಟಿಗೆ. ಮಗು ಸ್ಕೂಲಿಗೆ ಹೋದಾಗಲಾದರೂ ಅವಳ ಬಾಯಿಗೊಂದು ಬಿಡುವು ಇರುತ್ತಿತ್ತು, ಈಗ ಅವಳಿಲ್ಲದಾಗಲೂ ಬೆಳಗಿನಿಂದ ಸಂಜೆತನಕ ಅವಳನ್ನು ನೋಡಿ ಹೋಗುತ್ತಿದ್ದರು, ನೋಡಲಾಗಲಿಲ್ಲ ಎಂದಳು. ನಿನ್ನೆ ಅಜ್ಜಿಯ ಪಕ್ಕ ಕೂತದ್ದು ನೆನಪಾಗಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏಳುವಾಗ ಅಮ್ಮ ಅಂದದ್ದು ಒಂದೇ, ಕೆಳಗೆ ಯಾರಿಗೂ ಹೇಳ್ಬೇಡ ಮಂಜು. ಹ್ಞೂಂ ಅಂದೆ.

ಆ ಹ್ಞೂಂ ಅನ್ನು ನಾನು ಎಷ್ಟು ಚೆನ್ನಾಗಿ ಉಳಿಸಿಕೊಂಡೆನೆಂದರೆ, ಈಗ ಹೇಳಲು ಬಾಯಿ ಬರುವುದಿಲ್ಲ. ಶಿವಲೀಲಾ ಆಂಟಿ ಗಂಡನಿಗೆ ವರ್ಗವಾಗಿ ಹೊರಟುಹೋದರು, ಹೋಗುವಾಗ ಕನ್ನಡಿಯನ್ನು ನನಗೇ ಬಿಟ್ಟರು. ಗ್ರಹಣಗಳು ಬಂದವು, ಬಸುರಿಯರು ಬಂದರು, ಅಜ್ಜಿ ನನ್ನ ಗದ್ದ ಹಿಡಿದಳು, ಅಮ್ಮ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು. ನಾನು ನೆಲ ನೋಡಿದೆ. ಅಜ್ಜಿ ಸೊಸೆಯನ್ನು ದೂರುತ್ತಲೇ ಕಣ್ಣು ಮುಚ್ಚಿದಳು. ಓದಿದೆ, ಕೆಲಸಕ್ಕೆ ಸೇರಿದೆ, ಸೀಳುತುಟಿಗೂ ಗ್ರಹಣಕ್ಕೂ ಸಂಬಂಧವಿಲ್ಲವೆಂದು ಬೇಕಾದಷ್ಟು ಓದಿಕೊಂಡೆ. ಹೊಸಕೋಟೆಯ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಹುಡುಗನ ತಾಯಿ ನನ್ನ ಬಾಯನ್ನು ನೋಡಿ, ಅಮ್ಮನ ಕಡೆ ತಿರುಗಿ, ಇದು ನಿಮ್ಮ ವಂಶದಲ್ಲಿ ಇದೆಯಾ ಎಂದು ಮೆತ್ತಗೆ ಕೇಳಿದರು. ದೊಡ್ಡತ್ತೆ ನಡುವೆ ಬಾಯಿ ಹಾಕಿ ಸೌತೆಕಾಯಿಯ ಕತೆ ಹೇಳಿದಳು. ಗಂಡಿನವರ ಮುಖದಲ್ಲಿ ಬಿಗುವು ಸಡಿಲವಾದದ್ದು ನನಗೆ ಕಂಡಿತು. ಎಲ್ಲರೂ ಅಮ್ಮನನ್ನು ನೋಡಿದರು. ಅಷ್ಟು ಜನರ ಮುಂದೆ, ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು ನಿಂತಿದ್ದ ಅಮ್ಮ ತಲೆ ತಗ್ಗಿಸಿ ಹೌದು ಅಂದಳು. ಕೆಟ್ಟ ಗಳಿಗೆ, ಬುದ್ಧಿ ಇರಲಿಲ್ಲ ನನಗೆ ಅಂದಳು. ಆಗ ನಾನು ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಹುಡುಗ ನನಗೆ ಇಷ್ಟವಾಗಿದ್ದ. ಸುಮ್ಮನಿದ್ದೆ. ಮದುವೆ ಚೆನ್ನಾಗಿಯೇ ಆಯಿತು, ಗಂಡ ಒಳ್ಳೆಯವನು. ಅವನ ಜೊತೆ ಸುಖವಾಗಿ ಉಂಡ ಪ್ರತಿ ತುತ್ತಿಗೂ ಅಮ್ಮನ ಆ ತಗ್ಗಿದ ತಲೆ ಅಡ್ಡ ಬರುತ್ತದೆ ಎಂದರೆ ನಂಬಿ.

ಅಮ್ಮ ಹೋಗಿ ವರ್ಷವಾಯಿತು. ಮನೆ ಅಷ್ಟರಲ್ಲಿ ಮಾರಿಯಾಗಿತ್ತು, ತಿಥಿಯನ್ನು ದೊಡ್ಡತ್ತೆಯ ಮನೆಯಲ್ಲೇ ಮಾಡಿದೆವು. ಎಡೆಯಿಟ್ಟಾಯಿತು, ಜನ ಉಂಡಾಯಿತು. ಹೆಂಗಸರು ಎಲೆಯಡಿಕೆ ಹಾಕಿಕೊಂಡು ಹಜಾರದಲ್ಲಿ ಕಾಲು ಚಾಚಿದಾಗ ಅಮ್ಮನ ಮಾತು ಬಂತು. ದೊಡ್ಡತ್ತೆಯ ಮೊಮ್ಮಗಳು ರಂಜಿತಾ ಆಗ ಐದು ತಿಂಗಳ ಬಸುರಿ. ಅವಳನ್ನು ನೋಡುತ್ತ ದೊಡ್ಡತ್ತೆ, ನಮ್ಮ ತಮ್ಮನ ಹೆಂಡ್ತಿ ಒಳ್ಳೇವಳೇ, ಆದ್ರೆ ಗ್ರಹಣದಲ್ಲಿ ಆ ಒಂದು ತಪ್ಪು ಮಾಡ್ಬಿಟ್ಳು ನೋಡು ಎಂದು ಶುರು ಮಾಡಿದಳು. ನಾನು ಎಲೆ ಎತ್ತುತ್ತಿದ್ದವಳು ಅಲ್ಲೇ ನಿಂತೆ. ಅಮ್ಮ ಏನೂ ಹೆಚ್ಚಿರಲಿಲ್ಲ ಅಂದೆ. ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಾಯಿತು. ಅವಳು ಕಂಬಳಿ ಹೊದ್ದು ಮಲಗಿದ್ದಳು, ಚಾಕು ಮುಟ್ಟಿರಲಿಲ್ಲ, ನೀವೆಲ್ಲ ನನ್ನನ್ನು ಆಡಿಕೊಳ್ಳಬಾರದೆಂದು ತನ್ನ ಮೇಲೆ ಹಾಕಿಕೊಂಡಳು ಅಂದೆ. ದೊಡ್ಡತ್ತೆ ಹೋಗ್ಲಿ ಬಿಡು ಎನ್ನುವ ಹಾಗೆ ಕೈಯಾಡಿಸಿದಳು, ಹೆತ್ತ ತಾಯಿಯ ತಿಥಿಯ ದಿನ ಮಗಳು ಹಾಗೆ ಹೇಳದೆ ಇನ್ನೇನು ಹೇಳಿಯಾಳು ಎಂದು ಅವಳ ಮುಖದಲ್ಲೇ ಬರೆದಿತ್ತು.

ನಂಬಿದವಳು ರಂಜಿತಾ ಒಬ್ಬಳೇ. ನನ್ನ ತುಟಿಯನ್ನೇ ನೋಡುತ್ತ, ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಕೇಳಿದಳು: “ಹಂಗಾದ್ರೆ ಯಾಕಾಯ್ತು ಚಿಕ್ಕಮ್ಮ?”

ಸುಮ್ಮನೆ ಆಗುತ್ತೆ ಕಣೇ, ಯಾರ ತಪ್ಪೂ ಅಲ್ಲ ಅಂದೆ. ಅವಳು ಇನ್ನೂ ಏನಾದರೂ ಹೇಳುತ್ತೇನೆಂದು ಕಾದಳು. ಅವಳ ಮುಖದಲ್ಲಿ ಹೆದರಿಕೆ ಏರುವುದನ್ನು ನೋಡುತ್ತ ನಿಂತೆ. ಆಮೇಲೆ ಅವಳು ಮೆಲ್ಲಗೆ ಎದ್ದು, ದೊಡ್ಡತ್ತೆಯ ಪಕ್ಕ ಹೋಗಿ ಕೂತು, ಮುಂದಿನ ಗ್ರಹಣ ಯಾವಾಗಜ್ಜಿ ಎಂದು ಕೇಳಿದಳು.